ಹಗಲುವೇಷದ ಸೌಂಡ್ ಕಾರ್ಡ್

ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಏನು ಕೆಟ್ಟರೂ ಬಿಸಿಲಿನ ತಲೆಗೇ ಕಟ್ಟುತ್ತೇವೆ. ವರ್ಚುವಲ್ ಮಷೀನಿನೊಳಗೆ (ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರು ಕಟ್ಟಿದ ನಕಲಿ ಕಂಪ್ಯೂಟರಿನೊಳಗೆ) ಹಾಡು ಹಚ್ಚಿದರೆ ಕರಕರ ಸದ್ದು, ಸಿಪಿಯು ಬಳಕೆ ಏರಿ ಕೂತಿದೆ ಎನ್ನಿ. "ಕಾರ್ಡ್ ಕಾದದರಿ, ಒಮ್ಮಿ ಬಂದ್ ಮಾಡಿ ಹಚ್ರಿ" ಎಂಬ ಸಲಹೆ ತಯಾರು. ಕಾಯುವುದಕ್ಕೆ ಅಲ್ಲಿ ಕಾರ್ಡೇ ಇಲ್ಲವಲ್ಲ! ಇರುವುದು ಕ್ಯೂಎಮುವಿನಂಥ ಒಂದು ಸಾಫ್ಟ್‌ವೇರು, ಇಂಟೆಲ್‌ನ ಹಳೆಯ ಎಸಿ97 ಸೌಂಡ್ ಚಿಪ್ಪಿನ ವೇಷ ಹಾಕಿಕೊಂಡು. ಆಯುಧಪೂಜೆಗೆ ಕುಂಕುಮ ಹಚ್ಚೋಣವೆಂದರೂ ಅದಕ್ಕೆ ಹಣೆಯಿಲ್ಲ.

ವೇಷ ಎಷ್ಟು ಪಕ್ಕಾ ಎಂದರೆ ಗುರುತಿನ ಸಂಖ್ಯೆಯೂ ಅಸಲಿಯದೇ: 8086:2415. ಮೊದಲ ಭಾಗ ಇಂಟೆಲ್‌ದು (ತನ್ನ ಹೆಸರಾಂತ ಪ್ರೊಸೆಸರಿನ ಅಂಕಿಯನ್ನೇ ಆ ಕಂಪನಿ ಗುರುತಾಗಿ ಇಟ್ಟುಕೊಂಡಿದೆ), ಎರಡನೆಯದು ಚಿಪ್ಪಿನದು. ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಪ್ರೋಗ್ರಾಮು, ಅದನ್ನು ಓದಿ, ಎದುರಿಗಿರುವುದು ಸಿಲಿಕಾನ್ ಎಂದೇ ನಂಬಿ ಕೆಲಸ ಶುರುಮಾಡುತ್ತದೆ. ಎಡವುವುದು ಅಲ್ಲಿಯೇ.

ಈ ಚಿಪ್ಪು ಧ್ವನಿಯನ್ನು 32 ಬಫರುಗಳ (ಧ್ವನಿ ತುಂಬಿಟ್ಟ ಮೆಮರಿಯ ತುಂಡುಗಳ) ಸಾಲಿನಿಂದ ಓದುತ್ತದೆ. ಹಾಡು ಎಲ್ಲಿಗೆ ಬಂತು ಎಂದು ತಿಳಿಯಲು ಡ್ರೈವರ್ ಎರಡು ರಿಜಿಸ್ಟರ್ (ಚಿಪ್ಪು ಅಂಕಿ ಬರೆದಿಡುವ ಪುಟ್ಟ ಮನೆಗಳು) ನೋಡಬೇಕು. ಈಗ ಯಾವ ಬಫರು ನಡೆದಿದೆ ಎಂದು ಸಿಐವಿ ಹೇಳುತ್ತದೆ, ಅದರಲ್ಲಿ ಇನ್ನೆಷ್ಟು ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ಉಳಿದಿವೆ ಎಂದು ಪಿಐಸಿಬಿ ಹೇಳುತ್ತದೆ. ಗಂಜ್ ಎಂಬ ದವಸದ ಪೇಟೆಯಲ್ಲಿ ತೊಗರಿ ಹೇರಿದ 32 ಬಂಡಿಗಳು ಸಾಲಾಗಿ ನಿಂತಿವೆ, ಹಮಾಲರು ಒಂದೊಂದಾಗಿ ಖಾಲಿ ಮಾಡುತ್ತಿದ್ದಾರೆ ಅಂದುಕೊಳ್ಳಿ. ನೀವು ಬಂಡಿಯ ನಂಬರು ನೋಡಿದಿರಿ, 5. ಚೀಲ ಎಣಿಸುವಷ್ಟರಲ್ಲಿ ಐದನೆಯದು ಮುಗಿದು ಆರನೆಯದು ಮುಂದೆ ಬಂತು. ಚೀಟಿಯಲ್ಲಿ ಐದರ ನಂಬರು, ಆರರ ಚೀಲ. ಲೆಕ್ಕ ಪೂರ್ತಿ ಸುಳ್ಳು. ಅದಕ್ಕೇ ಲಿನಕ್ಸ್‌ನ ಇಂಟೆಲ್8ಎಕ್ಸ್0 ಡ್ರೈವರ್ ನಂಬರು, ಚೀಲ, ಮತ್ತೆ ನಂಬರು, ಮತ್ತೆ ಚೀಲ ಎಂದು ನಾಲ್ಕು ಸಲ ಓದುತ್ತದೆ. ಎರಡೂ ಜೋಡಿ ತಾಳೆಯಾದರೆ ಸರಿ, ಇಲ್ಲದಿದ್ದರೆ ಮೊದಲಿಂದ. ಹೀಗೆ ಹನ್ನೊಂದು ಸುತ್ತಿನವರೆಗೆ.

ಅಸಲಿ ಯಂತ್ರದಲ್ಲಿ ಇದು ಗಂಜಿನಲ್ಲೇ ನಿಂತು ನೋಡಿದಂತೆ, ಕಣ್ಣು ಹೊರಳಿಸಿದರೆ ಸಾಕು. ವರ್ಚುವಲ್ ಮಷೀನಿನಲ್ಲಿ ಬೀದರಿನಲ್ಲಿ ಕೂತು ಪ್ರತಿ ಸಲ ಫೋನ್ ಹಚ್ಚಿ ಕೇಳಿದಂತೆ. ಒಂದೊಂದು ಓದಿಗೂ ಅತಿಥಿ ವ್ಯವಸ್ಥೆ (ವರ್ಚುವಲ್ ಮಷೀನಿನೊಳಗಿನದು) ನಿಲ್ಲಬೇಕು, ವರ್ಚುವಲ್ ಮಷೀನನ್ನು ನಡೆಸುವ ಸಾಫ್ಟ್‌ವೇರಾದ, ಹೈಪರ್‌ವೈಸರ್ ಎದ್ದು ಉತ್ತರ ತಯಾರಿಸಬೇಕು, ಮತ್ತೆ ಒಳಗೆ ಬಿಡಬೇಕು. ಸ್ಟೀರಿಯೋ ಧ್ವನಿ ಸೆಕೆಂಡಿಗೆ 48,000 ಜೋಡಿ, ಅಂದರೆ 96,000 ಸ್ಯಾಂಪಲ್. ಸುಮಾರು 10 ಮೈಕ್ರೋಸೆಕೆಂಡಿಗೆ ಒಂದು ಚೀಲ ಇಳಿಯಿತು. ಫೋನಿನ ಉತ್ತರ ಅದಕ್ಕಿಂತ ತಡವಾಗಿ ಬಂದರೆ ಎರಡು ಎಣಿಕೆಗಳು ಕೂಡುವುದೇ ಅಪರೂಪ. ಹನ್ನೊಂದು ಸುತ್ತಿಗೆ ನಾಲ್ಕರಂತೆ 44 ಓದು, ಅದೂ ಒಂದೇ ಪ್ರಶ್ನೆಗೆ. ಅಸಲಿ ಕಾರ್ಡಿಗೆ ಜಾಣತನವಾಗಿದ್ದದ್ದೇ ನಕಲಿಗೆ ರೋಗವಾಯಿತು.

ಪರಿಹಾರ ಒಂದೇ ಸಾಲಿನದು: ವರ್ಚುವಲ್ ಕಾರ್ಡಾಗಿದ್ದರೆ ಬಂಡಿಯ ನಂಬರು ಬದಲಾಗದಿದ್ದಷ್ಟೇ ಸಾಕು, ಕೊನೆಯ ಚೀಲದೆಣಿಕೆ ಬಿಡು. 44 ಇದ್ದದ್ದು ಸಾಮಾನ್ಯವಾಗಿ 3ಕ್ಕೆ ಇಳಿಯುತ್ತದೆ.

ಕಷ್ಟವಿರುವುದು ವೇಷಧಾರಿಯನ್ನು ಗುರುತಿಸುವುದರಲ್ಲಿ. ಪ್ರೊಸೆಸರಿಗೆ ಅದರ ಪರಿಚಯ ಕೇಳುವ ಆದೇಶ ಸಿಪಿಯುಐಡಿ. ಅದರ ಲೀಫ್ 1ರ ಉತ್ತರದಲ್ಲಿ ಇಸಿಎಕ್ಸ್‌ನ 31ನೇ ಬಿಟ್ 1 ಆಗಿದ್ದರೆ ನೀವು ಹೈಪರ್‌ವೈಸರ್ ಮೇಲಿದ್ದೀರಿ ಎಂದರ್ಥ. ಅನೇಕರು ಇಷ್ಟಕ್ಕೇ ನಿಲ್ಲುತ್ತಾರೆ, ಅದು ತಪ್ಪು. ಪಾಸ್‌ಥ್ರೂ ಮೂಲಕ ಅಸಲಿ ಕಾರ್ಡನ್ನೇ ವರ್ಚುವಲ್ ಮಷೀನಿನ ಕೈಗೆ ಕೊಡಬಹುದಲ್ಲ. ಆಗ ಮನೆ ನಕಲಿ, ಕಾರ್ಡು ಖರೆ. ಕೇಳಬೇಕಾದ್ದು ಕಾರ್ಡಿನ ಎರಡನೇ ಗುರುತನ್ನು, ಅಂದರೆ ಸಬ್‌ಸಿಸ್ಟಮ್ ಐಡಿಯನ್ನು: ಕ್ಯೂಎಮುವಿನದಾದರೆ ಅಲ್ಲಿ 1ಎಎಫ್4:1100 ಇರುತ್ತದೆ. ವೇಷಗಾರ ಬಣ್ಣ ಬಳಿದರೂ ಕೊರಳಿನ ತಾಯಿತ ತೆಗೆದಿಲ್ಲ. ಲಿನಕ್ಸ್‌ನಲ್ಲಿ ಕಾರ್ಡುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆದೇಶಕ್ಕೆ ಎನ್‌ಎನ್‌ವಿ ಸೇರಿಸಿ ಕೊಟ್ಟರೆ ಈ ಅಂಕಿ ಕಾಣುತ್ತದೆ. ಊಹೆ ತಪ್ಪಿದರೆ ಬಳಕೆದಾರ ಕೈಯಿಂದಲೇ ತಿದ್ದಲು ಮಾಡ್ಯೂಲ್ ಪ್ಯಾರಾಮೀಟರ್ (ಡ್ರೈವರಿಗೆ ಕೊಡುವ ಸೆಟ್ಟಿಂಗು) ಇಡಬೇಕು. ಇಲ್ಲಿ ಅದರ ಹೆಸರು ಇನ್‌ಸೈಡ್‌_ವಿಎಂ, 0 ಅಥವಾ 1.

ಗುರುತಿನ ಜೊತೆ ಆವೃತ್ತಿಯನ್ನೂ ನೋಡಬೇಕು ಎನ್ನಲು ಇಂಟೆಲ್‌ನದೇ ಇನ್ನೊಂದು ಚಿಪ್ಪು ಪಿಐಐಎಕ್ಸ್4ರ ಕಥೆ ಸಾಕು. ಅದರ ಹಳೆಯ ಪ್ರತಿಗಳಲ್ಲಿ 3.579545 ಮೆಗಾಹರ್ಟ್ಸ್‌ನ ಗಡಿಯಾರ ಒಮ್ಮೊಮ್ಮೆ ತಪ್ಪು ಸಮಯ ಹೇಳುತ್ತಿತ್ತು. ಲಿನಕ್ಸ್ ಅದನ್ನು ಮೂರು ಸಲ ಓದಿ, ಮೂರೂ ಏರಿಕೆಯ ಕ್ರಮದಲ್ಲಿದ್ದರೆ ಮಾತ್ರ ನಂಬುತ್ತದೆ. ಆದರೆ ರಿವಿಷನ್ 3ಕ್ಕಿಂತ ಕೆಳಗಿದ್ದರೆ ಮಾತ್ರ ಈ ಉಸಾಬರಿ. ಕ್ಯೂಎಮು ಇದೇ ಚಿಪ್ಪಿನ ವೇಷ ಹಾಕಿದರೂ ರಿವಿಷನ್ 3 ಎಂದು ಹೇಳಿಕೊಳ್ಳುವುದರಿಂದ ಪಾರಾಗಿದೆ.

ಮದ್ದು ಎರಡೂ ಕಡೆ ಬಿದ್ದರೆ ಇನ್ನೂ ಫಜೀತಿ. ಹಳೆಯ ಲಿನಕ್ಸ್ ಕಾಲದಲ್ಲಿ ಟೈಮರ್ ಟಿಕ್ (ಸಮಯ ಎಣಿಸಲು ನಿಯಮಿತವಾಗಿ ಬರುವ ಸೂಚನೆ) ತಪ್ಪಿದರೆ ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಲೆಕ್ಕಹಾಕಿ ತುಂಬಿಕೊಳ್ಳುತ್ತಿತ್ತು. ಬಾಕಿ ಟಿಕ್‌ಗಳನ್ನು ಹೈಪರ್‌ವೈಸರ್ ಕೂಡ ಆಮೇಲೆ ಕಳಿಸುತ್ತಿತ್ತು. ಒಂದೇ ಸಾಲ ಎರಡು ಸಲ ತೀರಿ ಗಡಿಯಾರ ಮುಂದೆ ಓಡುತ್ತಿತ್ತು.

ತಪ್ಪೆಲ್ಲ ನಕಲಿ ಯಂತ್ರದ್ದೇ ಎಂದೂ ಅಲ್ಲ. ಅಸಲಿ ಚಿಪ್ಪಿನ ವೇಷ ಬಿಟ್ಟು, ವರ್ಚುವಲ್ ಮಷೀನಿಗೆಂದೇ ಮಾಡಿದ ಸಾಧನಗಳ ಪದ್ಧತಿಯಾದ ವರ್ಟ್‌ಐಒದಲ್ಲಿ ಯಂತ್ರ ತನ್ನ ಸೌಲಭ್ಯಗಳ ಪಟ್ಟಿ ಕೊಡುತ್ತದೆ, ಡ್ರೈವರ್ ತನಗೆ ತಿಳಿದವನ್ನಷ್ಟೇ ಆರಿಸಬೇಕು. ಆರಂಭದ ಕೆಲವು ಡ್ರೈವರುಗಳು ಓದದೆಯೇ ಎಲ್ಲಕ್ಕೂ ಹೂಂ ಎನ್ನುತ್ತಿದ್ದವು. ಕ್ಯೂಎಮು 30ನೇ ಬಿಟ್ಟಿನಲ್ಲಿ ಯಾರೂ ಒಪ್ಪಬಾರದ ಒಂದು ಸೌಲಭ್ಯ ಇಟ್ಟಿತು. ಅದಕ್ಕೂ ಹೂಂ ಎಂದ ನೆಟ್‌ವರ್ಕ್ ಡ್ರೈವರನ್ನು ಲಿನಕ್ಸ್ 2.6.25ರ ಕಾಲದ್ದೆಂದು ಎಣಿಸಿ, ಆ ಕಾಲಕ್ಕೆ ತಿಳಿದಿದ್ದ ನಾಲ್ಕಾರು ಸೌಲಭ್ಯಗಳನ್ನಷ್ಟೇ ಬಡಿಸುತ್ತದೆ.