ಯಾವ ಕ್ಯಾಲ್ಸಿಯಂ ಒಳ್ಳೇದು? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಅಮ್ಮನಿಗೆ 68 ವರ್ಷ. ಓಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಇದೆ ಅಂತ ಗೊತ್ತಾಗಿ ಎರಡು ವರ್ಷ ಆಯಿತು. ದಿನಾ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಿದ್ದೇವೆ. ಆದರೂ ಸೊಂಟ ನೋವು ಕಡಿಮೆಯಾಗಿಲ್ಲ. ಇದಕ್ಕಿಂತ ಒಳ್ಳೆಯ ಕ್ಯಾಲ್ಸಿಯಂ ಯಾವುದು?

ಶಿರಸಿಯ ನನ್ನ ಔಷಧ ಅಂಗಡಿಯಲ್ಲಿ ಈ ಪ್ರಶ್ನೆ ಬಾರದ ವಾರವಿಲ್ಲ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗಂತೂ ಇನ್ನೂ ಜಾಸ್ತಿ. ನನ್ನ ಉತ್ತರ ಬದಲಾಗಿಲ್ಲ. ಯಾವ ಕಂಪನಿಯದ್ದಾದರೂ ಕ್ಯಾಲ್ಸಿಯಂ ಕ್ಯಾಲ್ಸಿಯಮ್ಮೇ. ಅದು ನೋವಿನ ಮಾತ್ರೆ ಅಲ್ಲ. ಟೊಳ್ಳಾದ ಮೂಳೆಗೆ ಅದೊಂದೇ ಸಾಕಾಗುವುದೂ ಇಲ್ಲ.

ಹೋದ ಮಳೆಗಾಲದಲ್ಲಿ ಬನವಾಸಿ ಕಡೆಯ ಅಜ್ಜಿಯೊಬ್ಬರು ಬಂದು ಔಷಧದ ಕೊಟ್ಟೆಯನ್ನು ಕೌಂಟರಿನ ಮೇಲೆ ಸುರಿದರು. ಮೂರು ಬಣ್ಣದ ಮೂರು ಸ್ಟ್ರಿಪ್. ಒಂದು ಇಲ್ಲಿಯ ಡಾಕ್ಟರು ಬರೆದಿದ್ದು, ಒಂದು ಹುಬ್ಬಳ್ಳಿಯಲ್ಲಿ ಬರೆದಿದ್ದು, ಇನ್ನೊಂದು ಶಿಬಿರದಲ್ಲಿ ಪುಕ್ಕಟೆ ಸಿಕ್ಕಿದ್ದು. ಹಿಂದೆ ತಿರುಗಿಸಿ ಓದಿದರೆ ಮೂರೂ ಕ್ಯಾಲ್ಸಿಯಂ 500! "ತಮಾ, ಮೂರು ಮೂರು ತಗಂಡ್ರೂ ಸೊಂಟ ಕೇಳೂದಿಲ್ಲ ನೋಡು" ಅಂದರು. ಕೊಟ್ಟೆಯ ತಳದಲ್ಲಿ ಒಂದು ಸಣ್ಣ ಸ್ಟ್ರಿಪ್ ಅಂಟಿಕೊಂಡಿತ್ತು. ಅಲೆಂಡ್ರೊನೇಟ್ 70 ಮಿ.ಗ್ರಾಂ, ವಾರಕ್ಕೊಂದು. ನಾಲ್ಕರಲ್ಲಿ ಮೂರು ಹಾಗೇ ಇದ್ದವು. ಒಂದು ತಗೊಂಡ ದಿನ ಎದೆ ಉರಿ ಬಂತಂತೆ, ಬಿಟ್ಟರಂತೆ. ವಿಚಾರಿಸಿದರೆ, ಚಾ ಜೊತೆ ನುಂಗಿ ಮತ್ತೆ ಹೋಗಿ ಮಲಗಿದ್ದಾರೆ.

ಆ ಕೊಟ್ಟೆಯಲ್ಲಿ ಮೂಳೆ ಕರಗುವುದನ್ನು ತಡೆಯುವ ಮಾತ್ರೆ ಇದ್ದದ್ದು ಅದೊಂದೇ.

ನಮ್ಮ ಕಡೆಯವರಿಗೆ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಮಳೆಗೆ ಅಡಿಕೆ ತೋಟದ ಮಣ್ಣು ಕೊಚ್ಚಿ ಹೋಗುತ್ತದೆ. ನಾವು ಹೊಸ ಮಣ್ಣು ಹಾಕುತ್ತೇವೆ. ಆದರೆ ಬರೀ ಮಣ್ಣು ಹಾಕಿ ಕೂತರೆ ಆಗುತ್ತದಾ? ಸೊಪ್ಪು, ದರಕು ಹೊದೆಸಬೇಕು, ಕಾಲುವೆ ಸರಿ ಮಾಡಬೇಕು. ಇಲ್ಲದಿದ್ದರೆ ಈ ವರ್ಷ ಹಾಕಿದ ಮಣ್ಣು ಬರುವ ವರ್ಷ ಹಳ್ಳದಲ್ಲಿ. ಮೂಳೆಯೂ ಹಾಗೇ. ಜೀವನಪೂರ್ತಿ ಒಂದು ಕಡೆ ಕರಗುತ್ತಾ, ಇನ್ನೊಂದು ಕಡೆ ಹೊಸದಾಗಿ ಕಟ್ಟಿಕೊಳ್ಳುತ್ತಾ ಇರುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿದು, ಕರಗುವುದು ಜೋರಾಗುತ್ತದೆ. ಕ್ಯಾಲ್ಸಿಯಂ ಅಂದರೆ ಹೊಸ ಮಣ್ಣು. ಬೇಕು, ಬೇಡ ಅನ್ನುವುದಿಲ್ಲ. ಊಟ, ಮಾತ್ರೆ ಎಲ್ಲ ಸೇರಿ ದಿನಕ್ಕೆ 1000ದಿಂದ 1200 ಮಿ.ಗ್ರಾಂ ಸಾಕು. ಕೊಚ್ಚಿ ಹೋಗುವುದನ್ನು ತಡೆಯುವ ಕೆಲಸ ಮಾತ್ರ ಅದರದ್ದಲ್ಲ.

"ಜಾಸ್ತಿ ತಗೊಂಡರೆ ಬೇಗ ತುಂಬುತ್ತದೆ" ಅನ್ನುವವರೂ ಇದ್ದಾರೆ. ಮೂರನ್ನು ಒಟ್ಟಿಗೆ ನುಂಗಿದರೆ ದೇಹ ಅಷ್ಟನ್ನೂ ಹೀರಿಕೊಳ್ಳುವುದಿಲ್ಲ. ಸುಮ್ನೆ ಮಲಬದ್ಧತೆ, ಕೆಲವರಿಗೆ ಮೂತ್ರದ ಕಲ್ಲು. ಥೈರಾಯ್ಡ್ ಮಾತ್ರೆ ಇದ್ದವರು ಕ್ಯಾಲ್ಸಿಯಂಗೆ ನಾಲ್ಕು ತಾಸಾದರೂ ಅಂತರ ಇಡಬೇಕು.

ಹಾಗಾದರೆ ಮೂಳೆ ಕರಗುವುದನ್ನು ತಡೆಯಲು ಏನಿದೆ? ಒಂದು, ವಾರಕ್ಕೊಂದರ ಆ ಅಲೆಂಡ್ರೊನೇಟ್ ಮಾತ್ರೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ. ಆಮೇಲೆ ಅರ್ಧ ತಾಸು ಮಲಗಬಾರದು, ಏನೂ ತಿನ್ನಬಾರದು, ಚಾ ಕೂಡ ಇಲ್ಲ. ಅದು ಆಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೋನಿಕ್ ಆಸಿಡ್ ಇದೆ. ಆರು ತಿಂಗಳಿಗೊಮ್ಮೆಯ ಡೆನೊಸುಮಾಬ್ ಇಂಜೆಕ್ಷನ್ ಇದೆ. ಇದನ್ನು "ಮಳೆ ಜೋರು, ಮುಂದಿನ ತಿಂಗಳು ನೋಡೋಣ" ಅಂತ ಮುಂದೂಡಬೇಡಿ, ಬಿಟ್ಟರೆ ಬೆನ್ನುಮೂಳೆ ಮುರಿಯುವ ಅಪಾಯವಿದೆ. ತೀರಾ ಟೊಳ್ಳಾದವರಿಗೆ ಮೂಳೆ ಕಟ್ಟುವ ಟೆರಿಪಾರಟೈಡ್ ಕೂಡ ಇದೆ. ಯಾರಿಗೆ ಯಾವುದು ಅನ್ನುವುದನ್ನು ಕಿಡ್ನಿ, ವಿಟಮಿನ್ ಡಿ, ಹಲ್ಲು ಎಲ್ಲ ನೋಡಿ ಡಾಕ್ಟರೇ ಹೇಳಬೇಕು. ನಾನು ಕೌಂಟರಿನಿಂದ ಹೇಳಲಾರೆ.

ಇನ್ನು ನೋವು. ಮೂಳೆ ಟೊಳ್ಳಾಗುವುದು ತಾನಾಗಿ ನೋಯುವುದಿಲ್ಲ, ಮುರಿಯುವವರೆಗೆ ಸದ್ದಿಲ್ಲ. ಅಮ್ಮನಿಗೆ ನೋವಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು. ನಮ್ಮ "ಸೊಂಟ" ಅನ್ನುವ ಶಬ್ದವೇ ಅರ್ಧ ಗೊಂದಲ. ಬೆನ್ನಿನ ಕೆಳಗೂ ಸೊಂಟ, ಪಕ್ಕಕ್ಕೂ ಸೊಂಟ. ಡಾಕ್ಟರ ಎದುರು ಒಂದೇ ಬೆರಳಿಟ್ಟು ತೋರಿಸಿ. ತೊಡೆಸಂದಿನಲ್ಲಿ ನೋವಾದರೆ ಹೆಚ್ಚಾಗಿ ಸೊಂಟದ ಕೀಲಿನದ್ದು. ಮಗ್ಗುಲಾಗಿ ಮಲಗಿದಾಗ ಹೊರಬದಿ ನೋಯುವುದು ಬೇರೆ. ಹಿಂದಿನಿಂದ ಕಾಲಿಗೆ ಇಳಿದರೆ ಬೆನ್ನಿನದ್ದಿರಬಹುದು. ಜಾರಿ ಬಿದ್ದ ಮೇಲೆ ತೊಡೆಸಂದು ನೋಯುತ್ತಿದ್ದರೆ, ಕಾಲೂರಲು ಆಗದಿದ್ದರೆ, ಉಳುಕು ತೆಗೆಸಲು ಓಡಬೇಡಿ, ಎಕ್ಸ್‌ರೇ ಮಾಡಿಸಿ. ಕೂದಲೆಳೆಯಂಥ ಬಿರುಕು ಕೆಲವೊಮ್ಮೆ ಎಕ್ಸ್‌ರೇಯಲ್ಲೂ ಕಾಣದೆ ಎಂ.ಆರ್.ಐ. ಬೇಕಾಗುತ್ತದೆ. ವಾರದ ಮಾತ್ರೆಯನ್ನು ಹಲವು ವರ್ಷ ತಗೊಂಡವರಿಗೆ ತೊಡೆಯಲ್ಲಿ ಮಂದ ನೋವು ಶುರುವಾದರೆ ಅದನ್ನೂ ಮುಚ್ಚಿಡದೆ ಹೇಳಿ.

ದೊಡ್ಡ ಆಸ್ಪತ್ರೆ ಅಂದರೆ ಘಟ್ಟದ ಮೇಲಿನವರು ಹುಬ್ಬಳ್ಳಿ ಬಸ್ಸು ಹತ್ತುತ್ತೇವೆ, ಕೆಳಗಿನವರು ಮಣಿಪಾಲಕ್ಕೋ ಗೋವಾಕ್ಕೋ ಹೋಗುತ್ತಾರೆ. ಹೋಗುವುದೇ ಹೌದಾದರೆ ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಂಡೇ ಬನ್ನಿ. ಅದರಲ್ಲಿ ಬರುವ ಅಂಕೆ, ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಓಸ್ಟಿಯೋಪೊರೋಸಿಸ್. ಶಿಬಿರದಲ್ಲಿ ಹಿಮ್ಮಡಿಗೆ ಮಿಷನ್ ಇಟ್ಟು ಕೊಡುವ ಚೀಟಿ ಇದಕ್ಕೆ ಸಮ ಅಲ್ಲ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಅಮ್ಮ ಬೀಳದ ಹಾಗೆ ಏನು ಮಾಡಬೇಕು? ಆಷಾಢದಲ್ಲಿ ನಮ್ಮ ಅಂಗಳಗಳು ಹೇಗಿರುತ್ತವೆ, ಗೊತ್ತಲ್ವಾ. ಹಾವಸೆ ಕಟ್ಟಿದ ಕಲ್ಲು, ಹಿತ್ತಲಲ್ಲಿ ಬಚ್ಚಲು, ರಾತ್ರಿ ಎರಡು ಗಂಟೆಗೆ ಕರೆಂಟಿಲ್ಲ, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ನಮ್ಮ ಮನೆಯಲ್ಲಿ ಬಚ್ಚಲಿನ ದಾರಿಗೆ ಅಡಿಕೆ ದಬ್ಬೆ ಹಾಸಿ, ಗೋಡೆಗೆ ಹಿಡಿಕೆ ಕೂರಿಸಿದ್ದೇವೆ. ಮೊದಲ ದಿನ ಅಮ್ಮ "ನಾನೇನು ಮುದುಕಿಯಾ" ಅಂತ ಸಿಟ್ಟು ಮಾಡಿದರು. ಈಗ ಆ ಹಿಡಿಕೆಗೇ ಟವೆಲ್ ಒಣಗಿಸುತ್ತಾರೆ, ಹಿಡಿದುಕೊಳ್ಳುವ ಮೊದಲು ಅದನ್ನು ತೆಗೆಯಬೇಕು. ಅದಕ್ಕೂ ಈಗ ಜಗಳ ನಡೆದಿದೆ.