ಹೊಳೆಯ ನೀರಿಗೆ ಯಾವ ನೀಲಿ ಹಚ್ಚಬೇಕು?

ಮತ್ತೆ ಅದೇ ಪ್ರಶ್ನೆ: "ಸರ್, ಆನೆಗೊಂದಿ ಹತ್ತಿರದ ತುಂಗಭದ್ರೆಯನ್ನು ವಾಟರ್ ಕಲರ್‌ನಲ್ಲಿ ಬಿಡಿಸುತ್ತಿದ್ದೇನೆ, ನೀರಿಗೆ ಯಾವ ನೀಲಿ ಹಚ್ಚಲಿ?"

ನೀಲಿಯನ್ನು ಹಾಗೇ ಹಚ್ಚಬೇಡಿ. ಎಷ್ಟು ಸಲ ಹೇಳಿದರೂ ನೀರು ಅಂದರೆ ನೀಲಿ ಅನ್ನೋದು ತಲೆಯಿಂದ ಹೋಗುವುದೇ ಇಲ್ಲ. ಶಾಲೆಯ ಡ್ರಾಯಿಂಗ್ ಪುಸ್ತಕದಲ್ಲಿ ಅಂಟಿಕೊಂಡದ್ದು ಅದು. ಹೊಳೆ ದಡದಲ್ಲಿ ನಿಂತು ನೋಡಿ. ದೂರದ ನೀರನ್ನು ನಾವು ಓರೆಯಾಗಿ ನೋಡುತ್ತೇವೆ, ಹಾಗಾಗಿ ಅಲ್ಲಿ ಕಾಣುವುದು ಆಕಾಶ, ಎದುರು ದಡದ ಬಂಡೆ, ಭತ್ತದ ಗದ್ದೆಯಂಚಿನ ತೆಂಗು. ಕಾಲ ಬುಡದ ನೀರನ್ನು ಮೇಲಿನಿಂದ ನೋಡುತ್ತೇವೆ. ಅಲ್ಲಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲಷ್ಟೇ ವಾಪಸ್ ಬರುತ್ತದೆ, ಉಳಿದದ್ದು ಒಳಗಿಳಿಯುತ್ತದೆ, ಅದಕ್ಕೇ ತಳದ ಮರಳು, ಪಾಚಿ ಎಲ್ಲ ಕಾಣುತ್ತದೆ. ಒಂದೇ ಹೊಳೆ, ಒಂದೇ ಹೊತ್ತು, ಬಣ್ಣ ಮಾತ್ರ ಬೇರೆ ಬೇರೆ. ಇದರಲ್ಲಿ ನಿಮ್ಮ ನೀಲಿ ಎಲ್ಲಿದೆ?

"ಚಳಿಗಾಲದಲ್ಲಿ ನೀಲಿಯಾಗೇ ಕಾಣುತ್ತದಲ್ಲ ಸರ್" ಅಂತೀರಿ. ಹೌದು, ಆಕಾಶ ತಿಳಿಯಾಗಿದೆ, ಅದಕ್ಕೆ. ಅದೂ ಆಕಾಶ ಬಿದ್ದ ಕಡೆ ಮಾತ್ರ. ಬಂಡೆಯ ಕೆಳಗಿನ ನೀರು ಆಗಲೂ ಕಂದೇ. ಏಪ್ರಿಲ್ ಬಿಸಿಲಲ್ಲಿ ನಮ್ಮ ಕೊಪ್ಪಳ ಕಡೆ ಆಕಾಶವೇ ಬಿಳಿಚಿಕೊಂಡಿರುತ್ತದೆ, ನೀರೂ ಹಾಗೇ. ಮಳೆಗಾಲದಲ್ಲಿ ಡ್ಯಾಮಿನ ಗೇಟ್ ತೆಗೆದಾಗ ಬರುವ ಕೆಂಪು ನೀರಿಗಂತೂ ನೀಲಿ ಹಚ್ಚಿದರೆ ಊರಿನವರು ಇದು ಯಾವ ಹೊಳೆ ಅಂತ ಕೇಳುತ್ತಾರೆ.

ಬಣ್ಣ ಮಂದ ಮಾಡಲು ಕಪ್ಪು ಬೆರೆಸಬೇಡಿ, ಬಣ್ಣ ಸತ್ತುಹೋಗುತ್ತದೆ. ಅಲ್ಟ್ರಾಮರೀನ್ ಅನ್ನುವ ಗಾಢ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಪು ಕಂದು ಸೇರಿಸಿ. ಸಿಯೆನ್ನಾ ಜಾಸ್ತಿಯಾದರೆ ಬಂಡೆ, ನೀಲಿ ಜಾಸ್ತಿಯಾದರೆ ಬಂಡೆಯ ನೆರಳು ಭಾಗ, ತುಂಬಾ ನೀರು ಸೇರಿಸಿದರೆ ಬೇಸಿಗೆಯ ಆಕಾಶ. ಎರಡೇ ಬಣ್ಣದಿಂದ ಎಲ್ಲ ಬಂದಿರುವುದರಿಂದ ಹೊಳೆಯೂ ಬಂಡೆಯೂ ಒಂದೇ ಚಿತ್ರದಲ್ಲಿ ಹೊಂದಿಕೊಳ್ಳುತ್ತವೆ. ಪ್ರತಿಬಿಂಬದಲ್ಲಿ ತಿಳಿ ಬಣ್ಣ ಒಂಚೂರು ಗಾಢವಾಗಲಿ, ಗಾಢ ಬಣ್ಣ ಒಂಚೂರು ತಿಳಿಯಾಗಲಿ.

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಮೇಲಿರುವುದನ್ನೇ ತಲೆಕೆಳಗು ಮಾಡಿ ಬಿಡಿಸಿದರೆ ಪ್ರತಿಬಿಂಬ ಆಗುವುದಿಲ್ಲ. ಹರಿಗೋಲನ್ನೇ ತಗೊಳ್ಳಿ. ದಡದಿಂದ ನಮಗೆ ಅದರ ಒಳಗಿನ ಬಿದಿರ ಹೆಣಿಗೆ ಕಾಣುತ್ತದೆ. ನೀರು ತೋರಿಸುವುದು ಕೆಳಗಿನಿಂದ ಕಂಡ ಹರಿಗೋಲನ್ನು, ಅಂದರೆ ಡಾಂಬರು ಬಳಿದ ಹೊರಮೈಯನ್ನು ಮಾತ್ರ. ಒಳಗೆ ಕುಳಿತವರ ಸೊಂಟದ ಕೆಳಗಿನದೆಲ್ಲ ಅಂಚಿನ ಹಿಂದೆ ಮರೆಯಾಗಿರುತ್ತದೆ, ಹಾಗಾಗಿ ನೀರಿನಲ್ಲಿ ಅವರ ತಲೆ, ಹೆಗಲು ಬರೆದರೆ ಸಾಕು, ಬಿದಿರ ಹೆಣಿಗೆಯನ್ನಂತೂ ಬರೆಯಲೇಬೇಡಿ.