ಅಂತೆಕಂತೆ: ಆಫೀಸಿನಲ್ಲಿ ಪೆನ್ಷನ್ ಸುದ್ದಿ ಹಬ್ಬುವ ಬಗೆ

"ಪೆನ್ಷನ್ ರೂಲ್ಸ್ ಬದಲಾಯಿಸ್ತಾರಂತೆ." ಲಿಫ್ಟಿನಲ್ಲಿ ಒಬ್ಬರು ಇಷ್ಟು ಹೇಳಿ ಮೂರನೇ ಮಹಡಿಯಲ್ಲಿ ಇಳಿದು ಹೋಗುತ್ತಾರೆ. ಉಳಿದವರು ಐದನೇ ಮಹಡಿ ಮುಟ್ಟುವ ಹೊತ್ತಿಗೆ ಅದು "ಪೆನ್ಷನ್ ತೆಗೀತಾರಂತೆ" ಆಗಿರುತ್ತದೆ. ಮಧ್ಯಾಹ್ನಕ್ಕೆ "ತೆಗೆದ್ರಂತೆ". ಸಂಜೆ ಮನೆಯಲ್ಲಿ ಹೇಳುವಾಗ "ನಮಗಿನ್ನು ಪೆನ್ಷನ್ ಇಲ್ಲ". ಬೆಳಗ್ಗೆಯಿಂದ ಜೊತೆಗಿದ್ದ ಒಂದು ಪುಟ್ಟ ಪದ ದಾರಿಯಲ್ಲೆಲ್ಲೋ ಬಿದ್ದುಹೋಯಿತು ನೋಡಿ. ಅದೇ "ಅಂತೆ".

ಕನ್ನಡದ ಅಂತೆಗೆ ಬಹಳ ಕೆಲಸವಿದೆ. ವಾಕ್ಯದ ಬಾಲಕ್ಕೆ ಅಂಟಿಕೊಂಡು "ಇದು ನಾನು ಕಂಡದ್ದಲ್ಲ, ಕೇಳಿದ್ದು" ಎಂದು ಹೇಳಿಬಿಡುತ್ತದೆ. "ಮಳೆ ಬಂತು" ಅಂದರೆ ಹೇಳುವವರಿಗೇ ಗೊತ್ತು. "ಮಳೆ ಬಂತಂತೆ" ಅಂದರೆ ಯಾರೋ ಹೇಳಿದರು, ನಾನು ನಿಮಗೆ ದಾಟಿಸಿದೆ. ಪ್ರಾಮಾಣಿಕರ ಪದ ಇದು. ಜಾರಿಕೊಳ್ಳುವವರ ಪದವೂ ಹೌದು, ಯಾಕೆಂದರೆ ನಾಳೆ ಯಾರಾದರೂ ಬಂದು ಕೇಳಿದರೆ "ನಾನೆಲ್ಲಿ ಹೇಳಿದೆ? ಹಾಗಂತೆ ಅಂದೆ ಅಷ್ಟೇ" ಎನ್ನಬಹುದು.

ಇಂಥ ಅಂತೆಗಳು ಒಂದಕ್ಕೊಂದು ಸೇರಿದರೆ ಅಂತೆಕಂತೆ. ಕಂತೆ ಅಂದರೆ ಕಟ್ಟು. ಪ್ರಾಸಕ್ಕಾಗಿ ಬಂತೋ ಅರ್ಥಕ್ಕಾಗಿ ಬಂತೋ, ಕೂತಿದ್ದಂತೂ ಸರಿಯಾದ ಜಾಗದಲ್ಲೇ. ಬಿಡಿ ಮಾತಾಗಿದ್ದಾಗ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಕಂತೆಯಾದಾಗ ಭಾರ ಬರುತ್ತದೆ. ಗಾಳಿಸುದ್ದಿ, ಗುಲ್ಲು, ಪುಕಾರು ಎಲ್ಲ ಇದರ ಬಂಧುಗಳೇ. ಸಂಸ್ಕೃತದಿಂದ ಬಂದ ವದಂತಿಯಂತೂ ಇದರ ಅವಳಿ. ಸಂಸ್ಕೃತದಲ್ಲಿ "ವದಂತಿ" ಅಂದರೆ "ಹೇಳುತ್ತಾರೆ" ಎಂದೇ ಅರ್ಥ. ಯಾರು ಹೇಳುತ್ತಾರೆ? ಅದನ್ನು ಆ ಪದ ಹೇಳುವುದಿಲ್ಲ.

ಅಂತೆಕಂತೆ ಸುಳ್ಳಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳೆಂದು ಗೊತ್ತಿರುತ್ತದೆ. ಅಂತೆಕಂತೆ ಹೇಳುವವರಿಗೆ ಅದು ನಿಜವೋ ಸುಳ್ಳೋ ಗೊತ್ತಿಲ್ಲ, ಅಷ್ಟೇ. ಆಮೇಲೆ ನಿಜವೇ ಆದರೂ, ಹೇಳಿದ ಗಳಿಗೆಯಲ್ಲಿ ಅದು ಅಂತೆಯೇ. ಚಾಡಿಯೂ ಬೇರೆ. ಚಾಡಿಗೆ ಒಬ್ಬ ವ್ಯಕ್ತಿ ಬೇಕು, ಅಂತೆಕಂತೆಗೆ ಒಂದು ಚಿಂತೆ ಸಾಕು.

ಇಂಗ್ಲಿಷಿನವರು ಆಫೀಸಿನ ಅಂತೆಕಂತೆಗೆ ಗ್ರೇಪ್‌ವೈನ್, ಅಂದರೆ ದ್ರಾಕ್ಷಿಬಳ್ಳಿ ಎನ್ನುತ್ತಾರೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ತಂತಿ ಸುದ್ದಿಯ ವೈರುಗಳನ್ನು ಮರದಿಂದ ಮರಕ್ಕೆ ಬಳ್ಳಿಯ ಹಾಗೆ ಎಳೆದಿದ್ದರಂತೆ, ಆ ದಾರಿಯಲ್ಲಿ ಬಂದ ಸುದ್ದಿ ಎಷ್ಟೋ ಸಲ ಕೆಟ್ಟಿರುತ್ತಿತ್ತಂತೆ, ಅದಕ್ಕೇ ಆ ಹೆಸರಂತೆ. ನಾನೂ ಮೂರು ಸಲ ಅಂತೆ ಹಾಕಿದ್ದೇನೆ, ಗಮನಿಸಿರಬಹುದು.

ಸರಿ, ಆಫೀಸಿನಲ್ಲಿ ಮಾತಾಡಲು ನೂರು ವಿಷಯ ಇರುವಾಗ ಪೆನ್ಷನ್ನಿನ ಮೇಲೇ ಯಾಕೆ ಇಷ್ಟು ಗುಲ್ಲು?

ಇದಕ್ಕೆ ಹಳೆಯ ಉತ್ತರವೊಂದಿದೆ. ಎರಡನೇ ಮಹಾಯುದ್ಧದ ಸಮಯದಲ್ಲಿ ವದಂತಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ವಿಷಯ ನಮಗೆ ಎಷ್ಟು ಮುಖ್ಯ, ಅದು ಎಷ್ಟು ಅಸ್ಪಷ್ಟ, ಈ ಎರಡರ ಗುಣಾಕಾರವೇ ವದಂತಿಯ ಬಲ. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೂ ವದಂತಿ ಹುಟ್ಟುವುದಿಲ್ಲ. ಆಫೀಸಿನ ಗೋಡೆಗೆ ಯಾವ ಬಣ್ಣ ಹೊಡೆಯುತ್ತಾರೆ ಎನ್ನುವುದು ಯಾರಿಗೂ ಗೊತ್ತಿಲ್ಲ, ಆದರೆ ಯಾರಿಗೂ ಬೇಕಾಗಿಯೂ ಇಲ್ಲ. ಈ ತಿಂಗಳ ಸಂಬಳ ಎಲ್ಲರಿಗೂ ಬೇಕು, ಆದರೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಪೆನ್ಷನ್ನಿಗೆ ಬನ್ನಿ. ಮುಪ್ಪಿನ ಅನ್ನ ಅದು. ಕೈಗೆ ಬರುವುದು ಹತ್ತೋ ಇಪ್ಪತ್ತೋ ವರ್ಷದ ಮೇಲೆ. ಅದರ ನಿಯಮಗಳನ್ನು ಪೂರ್ತಿ ಓದಿದವರು ಇಡೀ ಆಫೀಸಿನಲ್ಲಿ ಇಬ್ಬರು ಸಿಕ್ಕರೆ ಹೆಚ್ಚು. ಅಂದರೆ ಗುಣಾಕಾರದ ಎರಡೂ ಕಡೆ ದೊಡ್ಡ ಸಂಖ್ಯೆಯೇ ಕೂತಿದೆ.

ಇದರ ಮೇಲೆ ಆಡಳಿತದ ಮೌನ ಬೇರೆ. "ಈ ಬಗ್ಗೆ ಈಗ ಏನೂ ಹೇಳುವಂತಿಲ್ಲ" ಎಂಬ ಒಂದು ಮಾತು ಸಾಕು. ಹೇಳಿದವರು ಸುಮ್ನೆ ಜಾಗ್ರತೆಗಾಗಿ ಹೇಳಿರುತ್ತಾರೆ. ಕೇಳಿದವರು ಅದನ್ನು ಒಪ್ಪಿಗೆ ಎಂದೇ ಓದುತ್ತಾರೆ. ಆಮೇಲೆ ಎಲ್ಲವೂ ಗುರುತೇ. ಅಕೌಂಟ್ಸ್ ವಿಭಾಗಕ್ಕೆ ಹೊರಗಿನವರು ಯಾರೋ ಬಂದರು, ಹಿರಿಯರ ಸರ್ವಿಸ್ ಫೈಲುಗಳನ್ನು ತರಿಸಿಕೊಂಡರು, ಮೀಟಿಂಗಿನ ಬಾಗಿಲು ಮುಚ್ಚಿತ್ತು. ಸಮಾಜಶಾಸ್ತ್ರಜ್ಞ ತಮೋತ್ಸು ಶಿಬುತಾನಿ 1966ರಲ್ಲಿ ವದಂತಿಯನ್ನು ಬೇರೆ ಕಣ್ಣಿನಿಂದ ನೋಡಿದರು. ಸರಿಯಾದ ಸುದ್ದಿ ಸಿಗದಾಗ ಜನ ಸೇರಿ, ಇದ್ದ ಚೂರುಪಾರುಗಳಿಂದಲೇ ಸುದ್ದಿ ಹೊಲಿದುಕೊಳ್ಳುವುದೇ ವದಂತಿ ಎಂಬುದು ಅವರ ವಾದ. ನನಗೆ ಇದು ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಪೆನ್ಷನ್ ಬಗ್ಗೆ ಗುಸುಗುಸು ಮಾಡುವವರೆಲ್ಲ ಕೆಲಸವಿಲ್ಲದ ಬಾಯಿಬಡುಕರಲ್ಲ. ಅವರು ಲೆಕ್ಕ ಹಾಕುತ್ತಿದ್ದಾರೆ, ಕೈಯಲ್ಲಿ ಅಂಕಿಗಳಿಲ್ಲ ಅಷ್ಟೇ.

ಈ ಮಾತುಗಳಲ್ಲೂ ಜಾತಿಗಳಿವೆ. 1942ರಲ್ಲಿ ಸಂಗ್ರಹಿಸಿದ ಸಾವಿರಕ್ಕೂ ಹೆಚ್ಚು ಯುದ್ಧಕಾಲದ ವದಂತಿಗಳನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ನ್ಯಾಪ್ ಮೂರು ಗುಂಪು ಮಾಡಿದರು: ಆಸೆಯವು, ಭಯದವು, ಒಡಕು ತರುವವು. ಪೆನ್ಷನ್ನಿನಲ್ಲಿ ಮೂರೂ ಸಿಗುತ್ತವೆ. "ಬೇಗ ಬಿಟ್ಟು ಹೋಗುವವರಿಗೆ ಎರಡು ವರ್ಷದ ಸಂಬಳ ಇಡುಗಂಟಾಗಿ ಕೊಡ್ತಾರಂತೆ" ಎನ್ನುವುದು ಆಸೆ. "ಇಡುಗಂಟು ನಿಲ್ಲಿಸ್ತಾರಂತೆ" ಎನ್ನುವುದು ಭಯ. "ಮೇಲಿನವರದ್ದು ಹಾಗೇ ಇರುತ್ತಂತೆ, ನಮ್ಮದಕ್ಕೆ ಮಾತ್ರ ಕತ್ತರಿಯಂತೆ" ಎನ್ನುವುದು ಒಡಕು. ನ್ಯಾಪ್ ಲೆಕ್ಕದಲ್ಲಿ ಆಸೆಯವು ತೀರಾ ಕಡಿಮೆ ಇದ್ದವು. ಆಫೀಸಿನಲ್ಲಿ ಇದ್ದವರಿಗೆ ಇದು ಆಶ್ಚರ್ಯವಾಗುವುದಿಲ್ಲ, ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರೋಣ. ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಏನು ಉದುರುತ್ತದೆ? ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಒಂದು ಚಿತ್ರ ತೋರಿಸಿ ಅದರ ವಿವರವನ್ನು ಒಬ್ಬರಿಂದ ಒಬ್ಬರಿಗೆ ಹೇಳಿಸಿದರು. ಐದಾರು ಜನ ದಾಟುವಷ್ಟರಲ್ಲಿ ವಿವರಗಳಲ್ಲಿ ನೂರಕ್ಕೆ ಸುಮಾರು 70 ಪಾಲು ಮಾಯ. ಉಳಿದ 30 ಮಾತ್ರ ಇನ್ನಷ್ಟು ಚೂಪಾಗಿತ್ತು. ಪೆನ್ಷನ್ ಸುದ್ದಿಯಲ್ಲಿ ಹಾಗೆ ಮೊದಲು ಉದುರುವುದು ಎರಡು ಸಂಗತಿ: ಯಾರಿಗೆ, ಯಾವತ್ತಿನಿಂದ. ಸುತ್ತೋಲೆಯಲ್ಲಿ "ಮುಂದಿನ ವರ್ಷದಿಂದ ಹೊಸದಾಗಿ ಸೇರುವವರಿಗೆ" ಎಂದಿರುತ್ತದೆ. ಆ ನಾಲ್ಕು ಪದ ಬಿದ್ದುಹೋದರೆ ಉಳಿದದ್ದು ಇಡೀ ಆಫೀಸಿನ ನಿದ್ದೆ ಕೆಡಿಸುತ್ತದೆ. ಕ್ರಿಯಾಪದದ ಕಾಲವೂ ಹಾಗೇ ಜಾರುತ್ತದೆ. "ಮಾಡಬಹುದು" ಎಂಬುದು "ಮಾಡ್ತಾರೆ" ಆಗುತ್ತದೆ, "ಮಾಡ್ತಾರೆ" ಎಂಬುದು "ಮಾಡಿದ್ರು" ಆಗುತ್ತದೆ. ಯೋಚನೆ, ಪ್ರಸ್ತಾಪ, ತೀರ್ಮಾನ, ಜಾರಿ ಎಂಬ ನಾಲ್ಕು ಮೆಟ್ಟಿಲಿನ ನಡುವೆ ವರ್ಷಗಳೇ ಇರಬಹುದು. ಅಂತೆಕಂತೆ ಅದನ್ನು ಒಂದೇ ಮಧ್ಯಾಹ್ನದಲ್ಲಿ ಹತ್ತಿಬಿಡುತ್ತದೆ.

ಪೆನ್ಷನ್ ಎನ್ನುವುದೇ ಒಂದು ವಸ್ತುವಲ್ಲ ಎನ್ನುವುದು ಗೊಂದಲದ ಇನ್ನೊಂದು ಬೇರು. ಕೆಲವು ಕಡೆ ಕೊನೆಯ ಸಂಬಳ ಮತ್ತು ಸರ್ವಿಸ್ ವರ್ಷಗಳ ಮೇಲೆ ಲೆಕ್ಕ ಹಾಕಿ ತಿಂಗಳು ತಿಂಗಳು ಇಷ್ಟು ಎಂದು ಮಾತು ಕೊಡುತ್ತಾರೆ. ಮಾರುಕಟ್ಟೆ ಬಿದ್ದರೆ ಆ ತಲೆನೋವು ಕೊಡುವವರದ್ದು. ಇನ್ನು ಕೆಲವು ಕಡೆ ತಿಂಗಳು ತಿಂಗಳು ಇಷ್ಟು ಹಣ ನಿಮ್ಮ ಖಾತೆಗೆ ಹಾಕುತ್ತೇವೆ ಎಂದಷ್ಟೇ ಮಾತು. ಕೊನೆಗೆ ಎಷ್ಟಾಯಿತೋ ಅಷ್ಟು ನಿಮ್ಮದು, ತಲೆನೋವೂ ನಿಮ್ಮದೇ. ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನೂ "ಪೆನ್ಷನ್ ತೆಗೆದ್ರು" ಅಂತಲೇ ಕರೆಯುತ್ತಾರೆ.

ಹಾಗೆಯೇ ಈಗಾಗಲೇ ದುಡಿದು ಗಳಿಸಿದ ಪಾಲು ಬೇರೆ, ಇನ್ನು ಮುಂದೆ ದುಡಿದು ಗಳಿಸಬೇಕಾದ ಪಾಲು ಬೇರೆ. ಇಷ್ಟು ವರ್ಷ ಸರ್ವಿಸ್ ಆದ ಮೇಲೆ ಹಕ್ಕು ಪಕ್ಕಾ ಆಗುತ್ತದೆ, ಅದಕ್ಕೆ ವೆಸ್ಟಿಂಗ್ ಎನ್ನುತ್ತಾರೆ. ಆಮೇಲೆ ಕೆಲಸ ಬಿಟ್ಟರೂ ಅದು ನಿಮ್ಮದೇ. ಯೋಜನೆಯನ್ನು ಫ್ರೀಜ್ ಮಾಡುತ್ತೇವೆ ಎಂದರೆ ಸಾಮಾನ್ಯವಾಗಿ ಗಳಿಸಿದ್ದು ಹಾಗೇ ಇರುತ್ತದೆ, ಹೊಸದು ಸೇರುವುದು ನಿಲ್ಲುತ್ತದೆ. 2006ರ ಜನವರಿಯಲ್ಲಿ ಐಬಿಎಂ ಕಂಪನಿ ಅಮೆರಿಕದ ತನ್ನ ನೌಕರರ ಪೆನ್ಷನ್ನನ್ನು ಹೀಗೆ 2008ರಿಂದ ಫ್ರೀಜ್ ಮಾಡುವುದಾಗಿ ಹೇಳಿತು. ಮುಂದೆ ದುಡಿಯಬೇಕಾದವರಿಗೆ ಅದು ನಿಜವಾದ ನಷ್ಟವೇ, ಸಣ್ಣದೇನಲ್ಲ. ಆದರೆ "ಇದ್ದದ್ದೂ ಹೋಯ್ತು" ಎನ್ನುವುದು ಬೇರೆಯದೇ ವಾಕ್ಯ. ಅಂತೆಕಂತೆಗೆ ಈ ಎರಡರ ನಡುವಿನ ಗೆರೆ ಕಾಣುವುದಿಲ್ಲ.

ಇದ್ದದ್ದೂ ಹೋದ ಕಥೆ ಇಲ್ಲವೇ? ಇದೆ. ಸ್ಟುಡ್‌ಬೇಕರ್ ಕಾರು ಕಂಪನಿ 1963ರ ಡಿಸೆಂಬರಿನಲ್ಲಿ ಅಮೆರಿಕದ ಸೌತ್ ಬೆಂಡ್ ಊರಿನ ಕಾರ್ಖಾನೆಯನ್ನು ಮುಚ್ಚಿತು. ಪೆನ್ಷನ್ ನಿಧಿಯಲ್ಲಿ ಎಲ್ಲರಿಗೂ ಕೊಡುವಷ್ಟು ಹಣ ಇರಲಿಲ್ಲ. ಆಗಲೇ ನಿವೃತ್ತರಾದವರು ಮತ್ತು 60 ದಾಟಿದವರು ಸುಮಾರು 3,600 ಜನ, ಅವರಿಗೆ ಪೂರ್ತಿ ಸಿಕ್ಕಿತು. 40ರಿಂದ 59 ವಯಸ್ಸಿನ, ಹಕ್ಕು ಪಕ್ಕಾ ಆಗಿದ್ದ ಸುಮಾರು 4,000 ಜನರಿಗೆ ಡಾಲರಿಗೆ 15 ಸೆಂಟಿನ ಲೆಕ್ಕದಲ್ಲಿ ಸಿಕ್ಕಿತು. ಉಳಿದ ಸುಮಾರು 2,900 ಜನರಿಗೆ ಬಿಡಿಗಾಸೂ ಇಲ್ಲ. ಈ ಘಟನೆಯ ನೆನಪು 1974ರಲ್ಲಿ ಅಮೆರಿಕ ಪೆನ್ಷನ್ ರಕ್ಷಣೆಯ ಕಾನೂನು ತರುವುದಕ್ಕೂ, ನಿಧಿ ಮುಳುಗಿದರೆ ಒಂದು ಮಿತಿಯವರೆಗೆ ಕೊಡುವ ವಿಮಾ ಸಂಸ್ಥೆ ಕಟ್ಟುವುದಕ್ಕೂ ಒಂದು ಕಾರಣವಾಯಿತು. ಭಯಪಡುವವರನ್ನು ನೋಡಿ ಹಾಗಾಗಿ ನಾನು ನಗುವುದಿಲ್ಲ. ಆದರೆ ನೋಡಿ, ಅಷ್ಟು ದೊಡ್ಡ ಅನಾಹುತದಲ್ಲೂ "ಪೆನ್ಷನ್ ಹೋಯ್ತಾ?" ಎಂಬ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರ ಇತ್ತು. ವಯಸ್ಸು ಎಷ್ಟು, ಸರ್ವಿಸ್ ಎಷ್ಟು ಎಂದು ಕೇಳದೆ ಉತ್ತರ ಹೇಳುವಂತಿರಲಿಲ್ಲ.

ಕೆಲವು ಅಂತೆಗಳಿಗೆ ಆಯುಸ್ಸು ಬಹಳ. ನಿವೃತ್ತಿ ವಯಸ್ಸು 65 ಯಾಕೆ ಎಂದರೆ "ಮೊದಲು ಪೆನ್ಷನ್ ತಂದ ಜರ್ಮನಿಯ ಬಿಸ್ಮಾರ್ಕನಿಗೆ ಆಗ 65 ವರ್ಷ" ಎಂದು ತಿಳಿದವರೂ ಹೇಳುವುದುಂಟು. ಅಂತೆ ಕೂಡ ಹಾಕದೆ ಹೇಳುತ್ತಾರೆ. ಜರ್ಮನಿಯಲ್ಲಿ ಆ ಕಾನೂನು ಬಂದದ್ದು 1889ರಲ್ಲಿ. ಅದರಲ್ಲಿದ್ದ ವಯಸ್ಸು 70. ಬಿಸ್ಮಾರ್ಕನಿಗೆ ಆಗ 74. ವಯಸ್ಸು 65ಕ್ಕೆ ಇಳಿದದ್ದು 1916ರಲ್ಲಿ, ಅಷ್ಟರಲ್ಲಿ ಆತ ತೀರಿಕೊಂಡು 18 ವರ್ಷವಾಗಿತ್ತು.

ಬಿಸ್ಮಾರ್ಕನ ಅಂತೆ ನಂಬಿದರೆ ಯಾರ ಗಂಟೂ ಹೋಗುವುದಿಲ್ಲ. ಆಫೀಸಿನ ಅಂತೆ ಹಾಗಲ್ಲ. ರೂಲ್ಸ್ ಬದಲಾಗುವ ಮೊದಲೇ ಹೊರಟುಬಿಡೋಣ ಎಂದು ರಾಜೀನಾಮೆ ಬರೆಯುವವರಿದ್ದಾರೆ. ಖಾತೆಯಲ್ಲಿದ್ದ ಹಣವನ್ನೆಲ್ಲ ತೆಗೆದು, ತೆರಿಗೆಯನ್ನೂ ಕಟ್ಟಿ, ಮುಂದೆ ಬೆಳೆಯಬೇಕಾಗಿದ್ದ ಬಡ್ಡಿಯನ್ನೂ ಬಿಟ್ಟುಕೊಡುವವರಿದ್ದಾರೆ. ಸುದ್ದಿ ಸುಳ್ಳಾದರೆ ಹೇಳಿದವರು "ಅಂತೆ ಅಂದಿದ್ದೆ" ಎನ್ನುತ್ತಾರೆ. ರಾಜೀನಾಮೆ ಪತ್ರದಲ್ಲಿ ಅಂತೆ ಇರುವುದಿಲ್ಲ.

ಕೈಗೆ ಸಿಕ್ಕ ಸುದ್ದಿಯನ್ನು ಬಿಡಿಸುವುದು ಹೇಗೆ ಎಂದರೆ, ಉದುರಿದ್ದನ್ನು ಹುಡುಕಿ ವಾಪಸ್ ಇಡುವುದು. ಯಾರಿಗೆ? ಇರುವವರಿಗೋ, ಸೇರುವವರಿಗೋ, ಆಗಲೇ ನಿವೃತ್ತರಾದವರಿಗೋ? ಯಾವತ್ತಿನಿಂದ? ಗಳಿಸಿದ್ದಕ್ಕೋ, ಗಳಿಸಬೇಕಾದ್ದಕ್ಕೋ? ಪ್ರಸ್ತಾಪವೋ, ಸಹಿಯಾದ ಆದೇಶವೋ? ಆಡಳಿತಕ್ಕೆ ಬರೆದು ಕೇಳುವುದಾದರೂ ಹೀಗೇ ಕೇಳಬೇಕು. "ಪೆನ್ಷನ್ ಇರುತ್ತಾ?" ಎಂದು ಕೇಳಿದರೆ "ಇರುತ್ತೆ" ಎಂದು ಉತ್ತರ ಬರುತ್ತದೆ, ಅದು ನಿಜವೂ ಆಗಿರುತ್ತದೆ, ಏನೂ ತಿಳಿಸುವುದಿಲ್ಲ. "ಇವತ್ತಿನವರೆಗಿನ ನನ್ನ ಸರ್ವಿಸಿಗೆ ಎಷ್ಟು ಬರುತ್ತದೆ, ಬರೆದು ಕೊಡಿ" ಎಂದರೆ ಅಂಕಿಯೊಂದು ಕಾಗದದ ಮೇಲೆ ಬರಲೇಬೇಕು.

ಇದೆಲ್ಲ ಕೇಳಿ "ಗುಸುಗುಸು ಇಲ್ಲದಿದ್ದರೆ ಚಿಂತೆಯಿಲ್ಲ" ಎಂದುಕೊಂಡರೆ ಬ್ರಿಟನ್ನಿನ ಹೆಂಗಸರ ಕಥೆ ಕೇಳಬೇಕು. ಅಲ್ಲಿ ಹೆಂಗಸರ ಸರ್ಕಾರಿ ಪೆನ್ಷನ್ ವಯಸ್ಸನ್ನು 60ರಿಂದ 65ಕ್ಕೆ ಏರಿಸುವ ಕಾನೂನು 1995ರಲ್ಲೇ ಆಯಿತು. 2010ರಿಂದ ಹಂತ ಹಂತವಾಗಿ ಏರಬೇಕಿತ್ತು, 2011ರ ಇನ್ನೊಂದು ಕಾನೂನು ಅದಕ್ಕೆ ವೇಗ ಕೊಟ್ಟಿತು. ನಮಗೆ ಇದು ಗೊತ್ತೇ ಇರಲಿಲ್ಲ, 60ಕ್ಕೆ ಸಿಗುತ್ತದೆ ಎಂದೇ ಬದುಕಿನ ಲೆಕ್ಕ ಹಾಕಿದ್ದೆವು ಎಂದು 1950ರ ದಶಕದಲ್ಲಿ ಹುಟ್ಟಿದ ಅನೇಕರು ದೂರಿದರು. 2024ರ ಮಾರ್ಚಿನಲ್ಲಿ ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಅಲ್ಲಿನ ಸಂಸದೀಯ ಓಂಬುಡ್ಸ್‌ಮನ್ ಕೂಡ, ಈ ಬದಲಾವಣೆ ತಿಳಿಸುವ ಪತ್ರ ಕಳಿಸುವುದರಲ್ಲಿ ಪೆನ್ಷನ್ ಇಲಾಖೆ ತಡ ಮಾಡಿದ್ದು ತಪ್ಪು ಎಂದಿತು. ಕಾನೂನು ಪುಸ್ತಕದಲ್ಲಿತ್ತು, ಸಹಿಯಾಗಿತ್ತು, ತಾರೀಕೂ ಇತ್ತು. ಅವರಲ್ಲಿ ಅನೇಕರ ಕಿವಿಗೆ ಒಂದು ಅಂತೆಯಾದರೂ ಬಿದ್ದಿರಲಿಲ್ಲ.